ಚಿತ್ರ ಎಲ್ಲಿದೆ ಎಂದು ಲೈಬ್ರರಿಗೆ ಯಾಕೆ ಗೊತ್ತಿರಬೇಕು?

ಮೊಬೈಲಿನಲ್ಲಿ ಒಂದು ಫೋಟೊ ತೆರೆದಾಗ ಅದನ್ನು ಬಿಡಿಸಿ ಪರದೆಯ ಮೇಲೆ ಹರಡುವ ಕೋಡನ್ನು ಆ ಆ್ಯಪ್ ಮಾಡಿದವರೇ ಬರೆದಿರುವುದು ಬಲು ಅಪರೂಪ. ಜೆಪೆಗ್ ಚಿತ್ರವಾದರೆ ಲಿಬ್‌ಜೆಪೆಗ್ ಅಥವಾ ಅದರ ವಂಶದ ಇನ್ನೊಂದು ಲೈಬ್ರರಿ, ಪಿಎನ್‌ಜಿ ಆದರೆ ಲಿಬ್‌ಪಿಎನ್‌ಜಿ, ಸಣ್ಣ ಗೇಮ್‌ಗಳಲ್ಲಾದರೆ ಎಸ್‌ಟಿಬಿ ಇಮೇಜ್ ಎಂಬ ಒಂದೇ ಫೈಲಿನ ಲೈಬ್ರರಿ ಆ ಭಾರ ಹೊತ್ತಿರುತ್ತದೆ. ಲೈಬ್ರರಿ ಎಂದರೆ ಬೇರೊಬ್ಬರು ಬರೆದು, ತಿದ್ದಿ, ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಲಿ ಎಂದು ಕೊಟ್ಟ ಸಿದ್ಧ ಕೋಡ್. ಇವನ್ನು ಬರೆದವರೆಲ್ಲ ಒಂದು ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಯಿತು. ಚಿತ್ರದ ಬೈಟ್‌ಗಳು ಎಲ್ಲಿಂದ ಬರುತ್ತವೆ? ಉಳಿಸುವಾಗ ಎಲ್ಲಿಗೆ ಹೋಗುತ್ತವೆ? ಅವರು ಕಂಡುಕೊಂಡ ಉತ್ತರ ಕಾಲ್‌ಬ್ಯಾಕ್ ಫಂಕ್ಷನ್. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಅದರ ಲಕ್ಷಣ ಬಾಯಿಗೆ ಬರುತ್ತದೆ. ಅದು ಯಾಕೆ ಹುಟ್ಟಿತು, ಎಲ್ಲಿ ಕೈಕೊಡುತ್ತದೆ ಎಂಬುದು ಮಾತ್ರ ಪಾಠದಲ್ಲಿ ಬರುವುದು ಕಡಿಮೆ. ಈ ಬರಹ ಅದರ ಬಗ್ಗೆ.

ಮೊದಲ ಪಾಠದಲ್ಲಿ ಎಲ್ಲರೂ ಬರೆಯುವುದು ಫೈಲಿನ ಹೆಸರು ಕೊಟ್ಟು ಚಿತ್ರ ತೆರೆಯುವ ಫಂಕ್ಷನ್ ಅನ್ನು. ಹೆಸರು ಕೊಡಿ, ಚಿತ್ರ ತಗೊಳ್ಳಿ. ಕಂಪ್ಯೂಟರಿನ ಡಿಸ್ಕಿನಲ್ಲಿ ಚಿತ್ರ ತಾನೇ ಒಂದು ಫೈಲಾಗಿ ಕುಳಿತಿರುವವರೆಗೆ ಇದರಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಆಂಡ್ರಾಯ್ಡ್ ಆ್ಯಪ್ ಒಂದರ ಜೊತೆಗೆ ಬರುವ ಚಿತ್ರಗಳನ್ನು ನೋಡಿ. ಅವು ಎಪಿಕೆ ಎಂಬ ಪೊಟ್ಟಣದೊಳಗೆ ಇರುತ್ತವೆ. ಎಪಿಕೆ ಎಂದರೆ ಒಂದು ಜಿಪ್ ಫೈಲು. ಅದರೊಳಗಿನ ಚಿತ್ರಕ್ಕೆ ಡಿಸ್ಕಿನ ಮೇಲೆ ತನ್ನದೇ ಆದ ವಿಳಾಸವಿಲ್ಲ. ಸಿ ಭಾಷೆಯ ಫೈಲ್ ತೆರೆಯುವ ಫಂಕ್ಷನ್‌ಗೆ ಆ ಹೆಸರು ಕೊಟ್ಟರೆ ಅಂಥ ಫೈಲೇ ಇಲ್ಲ ಎಂಬ ಉತ್ತರ ಬರುತ್ತದೆ. ಗೇಮ್‌ಗಳು ಸಾವಿರಾರು ಚಿತ್ರಗಳನ್ನು ಒಂದೇ ದೊಡ್ಡ ಫೈಲಿನಲ್ಲಿ ತುಂಬಿಡುತ್ತವೆ. 1993ರ ಡೂಮ್ ಗೇಮಿನ ವ್ಯಾಡ್ ಫೈಲು ಇದರ ಪ್ರಸಿದ್ಧ ಉದಾಹರಣೆ. ಮೂರು ಆಯಾಮದ ಮಾದರಿಗಳನ್ನು ಹೊತ್ತು ತರುವ ಜಿಎಲ್‌ಟಿಎಫ್ ಫೈಲಿನಲ್ಲಿ ಚಿತ್ರ ಪಕ್ಕದ ಫೈಲಿನಲ್ಲಿರಬಹುದು, ಅಕ್ಷರಗಳ ಸಾಲಾಗಿ ಪರಿವರ್ತನೆಗೊಂಡು ಅದೇ ಫೈಲಿನೊಳಗೆ ಅಡಗಿರಬಹುದು, ಬೈನರಿ ದತ್ತಾಂಶದ ನಡುವೆಯೂ ಇರಬಹುದು. ಇನ್ನು ಜಾಲದಿಂದ ಹರಿದು ಬರುತ್ತಿರುವ ಚಿತ್ರ, ಬೀಗ ಹಾಕಿದ ಅಂದರೆ ಎನ್‌ಕ್ರಿಪ್ಟ್ ಆದ ಚಿತ್ರ, ಡೇಟಾಬೇಸಿನ ಒಂದು ಕೋಶದಲ್ಲಿರುವ ಚಿತ್ರ, ಇವುಗಳಿಗೆ ಫೈಲಿನ ಹೆಸರು ಎಂಬುದೇ ಇಲ್ಲ.

ಇಂಥ ಕಡೆ ಸುಲಭವಾಗಿ ಹೊಳೆಯುವ ದಾರಿ ಒಂದಿದೆ. ಚಿತ್ರವನ್ನು ಮೊದಲು ತಾತ್ಕಾಲಿಕ ಫೈಲಾಗಿ ಡಿಸ್ಕಿಗೆ ಬರೆದು, ಆ ಹೆಸರನ್ನು ಲೈಬ್ರರಿಗೆ ಕೊಟ್ಟು, ಕೆಲಸವಾದ ಮೇಲೆ ಅಳಿಸುವುದು. ದಯವಿಟ್ಟು ಈ ದಾರಿ ಹಿಡಿಯಬೇಡಿ. ಒಂದೇ ಚಿತ್ರವನ್ನು ಎರಡು ಸಲ ಓದಿ ಒಂದು ಸಲ ಬರೆದ ಹಾಗಾಗುತ್ತದೆ. ನಡುವೆ ಪ್ರೋಗ್ರಾಮ್ ನಿಂತುಹೋದರೆ ಕಸ ಉಳಿಯುತ್ತದೆ. ಎನ್‌ಕ್ರಿಪ್ಟ್ ಮಾಡಿ ಕಾಪಾಡಿದ್ದ ರೋಗಿಯ ಎಕ್ಸ್‌ರೇ ಚಿತ್ರವೋ ಬ್ಯಾಂಕಿನ ಸಹಿಯೋ ಬಿಚ್ಚಿದ ಸ್ಥಿತಿಯಲ್ಲಿ ಡಿಸ್ಕಿನ ಮೇಲೆ ಬಿದ್ದಿರುತ್ತದೆ. ಅಳಿಸಿದ ಮೇಲೂ ಅದರ ಗುರುತು ಅಲ್ಲಿ ಉಳಿಯಬಹುದು.

ಮದುವೆ ಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ಅಡುಗೆ ಭಟ್ಟರು ಪೇಟೆಗೆ ಹೋಗುವುದಿಲ್ಲ. ಉಗ್ರಾಣಕ್ಕೆ ಯಾರು ನಿಂತಿದ್ದಾರೆ ಎಂದಷ್ಟೇ ಮೊದಲು ಕೇಳಿ ತಿಳಿದುಕೊಳ್ಳುತ್ತಾರೆ; ಆಮೇಲೆ ಬೇಕಾದಾಗ ಬೇಕಾದಷ್ಟು ಬೆಲ್ಲ, ಬೇಳೆ ತರಿಸಿಕೊಳ್ಳುತ್ತಾರೆ. ಬೆಲ್ಲ ಯಾವ ಅಂಗಡಿಯದು ಎಂಬುದು ಒಲೆಯ ಮುಂದೆ ನಿಂತವರಿಗೆ ಬೇಡ, ಪಾಯಸದ ಹದ ಉಗ್ರಾಣದವರಿಗೆ ಬೇಡ. ಕಾಲ್‌ಬ್ಯಾಕ್ ಕೂಡ ಇಷ್ಟೇ. ಜೆಪೆಗ್‌ನ ಒಳಗುಟ್ಟು ಲೈಬ್ರರಿಗೆ ಗೊತ್ತು, ಬೈಟ್‌ಗಳು ಎಲ್ಲಿವೆ ಎಂಬುದು ನಿಮಗೆ ಗೊತ್ತು. ಬೈಟ್ ತಂದುಕೊಡುವ ಒಂದು ಫಂಕ್ಷನ್ ಅನ್ನು ನೀವು ಬರೆದು ಅದರ ವಿಳಾಸವನ್ನು ಲೈಬ್ರರಿಗೆ ಒಪ್ಪಿಸುತ್ತೀರಿ. ಬೇಕಾದಾಗಲೆಲ್ಲ ಅದನ್ನು ಕರೆಯುವುದು ಲೈಬ್ರರಿಯ ಕೆಲಸ. ಎಷ್ಟು ಸಲ ಕರೆಯುತ್ತದೆ, ಒಂದೊಂದು ಸಲ ಎಷ್ಟು ಕೇಳುತ್ತದೆ ಎಂಬುದನ್ನು ನೀವು ನಿರ್ಧರಿಸುವಂತಿಲ್ಲ. ಮುಂದೆ ಹೇಳುವ ಬಹುತೇಕ ತೊಡಕುಗಳ ಬೇರು ಇರುವುದೂ ಇಲ್ಲಿಯೇ.

ಶಾನ್ ಬ್ಯಾರೆಟ್ ಬರೆದ ಎಸ್‌ಟಿಬಿ ಇಮೇಜ್‌ನಿಂದಲೇ ಶುರುಮಾಡೋಣ, ಏಕೆಂದರೆ ಇದಕ್ಕಿಂತ ಸರಳವಾದ ಕರಾರು ಸಿಗುವುದು ಕಷ್ಟ. ಅದು ನಿಮ್ಮಿಂದ ಕೇಳುವುದು ಮೂರೇ ಫಂಕ್ಷನ್. ರೀಡ್ ಎಂಬುದು ಇಂತಿಷ್ಟು ಬೈಟ್ ಓದಿ ತುಂಬಿಸಿ, ನಿಜವಾಗಿ ಎಷ್ಟು ಸಿಕ್ಕಿತು ಎಂದು ಹೇಳಬೇಕು. ಸ್ಕಿಪ್ ಎಂಬುದು ಇಂತಿಷ್ಟು ಬೈಟ್ ದಾಟಿ ಮುಂದೆ ಹೋಗಬೇಕು. ಋಣಸಂಖ್ಯೆ ಬಂದರೆ ಅಷ್ಟೇ ಬೈಟ್ ಹಿಂದಕ್ಕೆ ಬರಬೇಕು. ಮೂರನೆಯ ಇಒಎಫ್, ದತ್ತಾಂಶ ಮುಗಿಯಿತೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎನ್ನಬೇಕು. ಬಂದ ಚಿತ್ರ ಪಿಎನ್‌ಜಿಯೋ ಜೆಪೆಗ್‌ಗೋ ಬಿಎಂಪಿಯೋ ಎಂದು ಲೈಬ್ರರಿ ಒಂದೊಂದಾಗಿ ಪರೀಕ್ಷಿಸಿ ನೋಡುತ್ತದೆ. ಪ್ರತಿ ಪರೀಕ್ಷೆಯಾದ ಮೇಲೂ ಅದು ಮೊದಲ ಬೈಟಿಗೆ ಮರಳಬೇಕು. ಹಾಗಾದರೆ ಆರಂಭಕ್ಕೆ ಮರಳಿಸುವ ಇನ್ನೊಂದು ಫಂಕ್ಷನ್ ಬೇಡವೇ? ಬೇಡ. ಈ ಪರೀಕ್ಷೆಗಳಲ್ಲಿ ಯಾವುದೂ ಮೊದಲ 92 ಬೈಟ್‌ಗಳಾಚೆಗೆ ನೋಡುವುದಿಲ್ಲ ಎಂದು ಬ್ಯಾರೆಟ್ ಲೆಕ್ಕ ಹಾಕಿದ್ದಾರೆ. ಲೈಬ್ರರಿಯೊಳಗೆ 128 ಬೈಟಿನ ಸಣ್ಣ ಬಫರ್ ಇಟ್ಟಿದ್ದಾರೆ. ಮರಳುವುದೆಂದರೆ ಆ ಬಫರಿನ ತಲೆಗೆ ಬರುವುದು, ಅಷ್ಟೇ. ಬಳಸುವವರಿಗೆ ಒಂದು ಹೊರೆ ಕಡಿಮೆ ಮಾಡಲು ಒಳಗೆ ಇಷ್ಟು ಯೋಚಿಸಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಈ ಮೂರೂ ಫಂಕ್ಷನ್‌ಗಳ ಮೊದಲ ಸ್ಥಾನದಲ್ಲಿ ಯೂಸರ್ ಎಂಬ ಪಾಯಿಂಟರ್ ಇರುತ್ತದೆ. ಸಿ ಕಲಿಯುವವರು ಎಡವುವ ಜಾಗ ಇದು. ಅದು ಯಾವ ಬಗೆಯ ದತ್ತಾಂಶವನ್ನು ತೋರಿಸುತ್ತದೆ ಎಂದು ಎಲ್ಲಿಯೂ ಬರೆದಿರುವುದಿಲ್ಲ, ಬರೆಯಲು ಸಾಧ್ಯವೂ ಇಲ್ಲ. ಲೈಬ್ರರಿ ಅದನ್ನು ಬಿಚ್ಚಿ ನೋಡುವುದಿಲ್ಲ. ನೀವು ಕೊಟ್ಟದ್ದನ್ನು ಪ್ರತಿ ಕರೆಯಲ್ಲೂ ಹಾಗೆಯೇ ನಿಮ್ಮ ಕೈಗೆ ಮರಳಿಸುತ್ತದೆ. ಎಪಿಕೆಯೊಳಗಿನಿಂದ ಓದುವವರಿಗೆ ಅದು ತೆರೆದ ಅಸೆಟ್‌ನ ಗುರುತು, ಜಾಲದಿಂದ ಓದುವವರಿಗೆ ಸಾಕೆಟ್, ನೆನಪಿನಿಂದ ಓದುವವರಿಗೆ ಈಗ ಎಷ್ಟನೇ ಬೈಟಿನಲ್ಲಿದ್ದೇನೆ ಎಂಬ ಲೆಕ್ಕ. ಈ ಪಾಯಿಂಟರ್ ಇಲ್ಲದಿದ್ದರೆ ಆ ಮಾಹಿತಿಯನ್ನೆಲ್ಲ ಗ್ಲೋಬಲ್ ವೇರಿಯಬಲ್‌ನಲ್ಲಿ ಇಡಬೇಕಾಗುತ್ತಿತ್ತು. ಆಗ ಏಕಕಾಲಕ್ಕೆ ಎರಡು ಚಿತ್ರ ತೆರೆದರೆ ಒಂದರ ಬೈಟ್ ಇನ್ನೊಂದಕ್ಕೆ ಹೋಗುತ್ತಿತ್ತು. ಕಾಲ್‌ಬ್ಯಾಕ್ ಕೇಳಿ ಯೂಸರ್ ಪಾಯಿಂಟರ್ ಕೊಡದ ಲೈಬ್ರರಿ ಸಿಕ್ಕರೆ ಅದನ್ನು ಬರೆದವರಿಗೆ ಬಹುತಂತು ಅಂದರೆ ಮಲ್ಟಿಥ್ರೆಡ್ ಪ್ರೋಗ್ರಾಮಿನ ಅನುಭವ ಕಡಿಮೆ ಎಂದು ತಿಳಿಯಬಹುದು.

ಈಗ ರೀಡ್ ಫಂಕ್ಷನ್ ಹೇಳಬೇಕಾದ ಸಂಖ್ಯೆಗೆ ಬರೋಣ. ಕೇಳಿದಷ್ಟು ಬೈಟ್ ಸಿಗದಿದ್ದರೆ ಎಷ್ಟು ಸಿಕ್ಕಿತೋ ಅಷ್ಟನ್ನೇ ಹೇಳಬೇಕು ಎಂಬುದು ಕರಾರು. ಡಿಸ್ಕಿನ ಫೈಲಿನಲ್ಲಿ ಕಡಿಮೆ ಸಿಕ್ಕಿತು ಎಂದರೆ ಫೈಲು ಮುಗಿಯಿತು ಎಂದರ್ಥ. ಸಾಕೆಟ್‌ನಲ್ಲಿ ಹಾಗಲ್ಲ. ಸಾವಿರ ಬೈಟ್ ಕೇಳಿದಾಗ ಮುನ್ನೂರು ಬಂದರೆ ಉಳಿದದ್ದು ಇನ್ನೂ ದಾರಿಯಲ್ಲಿದೆ ಎಂದಷ್ಟೇ ಅರ್ಥ. ಎಸ್‌ಟಿಬಿ ಇಮೇಜ್ ಈ ಎರಡರ ನಡುವೆ ಭೇದ ಮಾಡುವುದಿಲ್ಲ. ದೊಡ್ಡ ತುಂಡೊಂದನ್ನು ಒಟ್ಟಿಗೆ ಕೇಳಿದಾಗ ಪೂರ್ತಿ ಬರದಿದ್ದರೆ ಚಿತ್ರ ಕೆಟ್ಟಿದೆ ಎಂದೇ ತೀರ್ಮಾನಿಸಿ ಕೈಬಿಡುತ್ತದೆ. ಹಾಗಾಗಿ ಸಾಕೆಟ್‌ನಿಂದ ಓದುವ ರೀಡ್ ಫಂಕ್ಷನ್ ಒಳಗೆ ಒಂದು ಲೂಪ್ ಇರಲೇಬೇಕು: ಕೇಳಿದಷ್ಟು ಕೂಡುವವರೆಗೆ, ಇಲ್ಲವೇ ಸಂಪರ್ಕ ನಿಜವಾಗಿ ಮುಗಿಯುವವರೆಗೆ ಓದುತ್ತಲೇ ಇರಬೇಕು. ಲೂಪ್ ಇಲ್ಲದ ಫಂಕ್ಷನ್ ಕಚೇರಿಯ ವೇಗದ ಜಾಲದಲ್ಲಿ ಸಣ್ಣ ಚಿತ್ರಗಳೊಂದಿಗೆ ಚೆನ್ನಾಗಿಯೇ ನಡೆಯುತ್ತದೆ. ಸಿಗ್ನಲ್ ಸರಿಯಾಗಿ ಸಿಗದ ಊರಿನ ಬಳಕೆದಾರರಿಗೆ ಮಾತ್ರ ಚಿತ್ರ ಕಾಣುವುದಿಲ್ಲ. ಅಲ್ಲಿಂದ ಬಂದ ದೂರನ್ನು ತಮ್ಮ ಮೇಜಿನ ಮೇಲೆ ಮತ್ತೆ ಉಂಟುಮಾಡಲಾಗದೆ ಪ್ರೋಗ್ರಾಮರ್‌ಗಳು ವಾರಗಟ್ಟಲೆ ಕೂರುವುದುಂಟು.

ಲಿಬ್‌ಜೆಪೆಗ್‌ನ ಕಥೆ ಹಳೆಯದು. ಟಾಮ್ ಲೇನ್ ಮುಂದಾಳುತನದ ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್ ಅದನ್ನು ಮೊದಲು ಹೊರತಂದದ್ದು 1991ರ ಅಕ್ಟೋಬರ್‌ನಲ್ಲಿ. ಬ್ರೌಸರುಗಳ ಕಾಲ ಇನ್ನೂ ಬಂದಿರಲಿಲ್ಲ. ಮುಂದೆ ಬಂದಾಗ ಮೋಡೆಮ್ ಮೂಲಕ ನಿಧಾನವಾಗಿ ತೊಟ್ಟಿಕ್ಕುವ ಚಿತ್ರಗಳನ್ನು ಬಂದಷ್ಟು ಬಂದಷ್ಟೇ ತೋರಿಸುವ ಅಗತ್ಯ ಬಿತ್ತು. ಈ ಲೈಬ್ರರಿಯಲ್ಲಿ ಬೈಟ್ ಒದಗಿಸುವವನಿಗೆ ಸೋರ್ಸ್ ಮ್ಯಾನೇಜರ್ ಎಂದು ಹೆಸರು, ಅವನಿಗೆ ಐದು ಫಂಕ್ಷನ್. ಅವುಗಳಲ್ಲಿ ಮುಖ್ಯವಾದದ್ದು ಖಾಲಿಯಾದ ಬಫರನ್ನು ತುಂಬುವ ಫಂಕ್ಷನ್. ಅದು ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕು. ಇಲ್ಲ ಎಂದರೆ ಚಿತ್ರ ಕೆಟ್ಟಿದೆ ಎಂದಲ್ಲ, ಸದ್ಯಕ್ಕೆ ಬೈಟ್ ಇಲ್ಲ ಎಂದು. ಆಗ ಲೈಬ್ರರಿ ತಾನು ಎಲ್ಲಿದ್ದೆ ಎಂಬುದನ್ನು ನೆನಪಿಟ್ಟುಕೊಂಡು, ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಕರೆದವರಿಗೆ ಹಿಡಿತ ಬಿಟ್ಟುಕೊಡುತ್ತದೆ. ಮುಂದೆ ಬೈಟ್ ಬಂದ ಮೇಲೆ ಮತ್ತೆ ಕರೆದರೆ ನಿಂತಲ್ಲಿಂದ ಮುಂದುವರಿಸುತ್ತದೆ. ಎಸ್‌ಟಿಬಿ ಕಾಯುತ್ತಾ ನಿಲ್ಲುವ ಜಾಗದಲ್ಲಿ ಲಿಬ್‌ಜೆಪೆಗ್ ಎದ್ದು ಬರಬಲ್ಲದು. ಪರದೆ ಸ್ತಬ್ಧವಾಗದೆ ಚಿತ್ರ ಮೇಲಿನಿಂದ ಸಾಲು ಸಾಲಾಗಿ ಇಳಿಯುವುದು ಸಾಧ್ಯವಾಗುವುದು ಹೀಗೆ.

ಅದೇ ಫಂಕ್ಷನ್‌ನ ಇನ್ನೊಂದು ನಡವಳಿಕೆಯನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಅರ್ಧ ಡೌನ್‌ಲೋಡ್ ಆದ ಜೆಪೆಗ್ ಫೋಟೊ ತೆರೆದರೆ ಮೇಲಿನ ಭಾಗ ಸರಿಯಾಗಿದ್ದು ಕೆಳಗೆ ಬರೀ ಬೂದು ಬಣ್ಣ ಇರುತ್ತದಲ್ಲ, ಅದು ತಾನಾಗಿ ಆದದ್ದಲ್ಲ. ಜೆಪೆಗ್ ಚಿತ್ರ 255 ಮತ್ತು 217 ಎಂಬ ಎರಡು ಬೈಟ್‌ಗಳಲ್ಲಿ ಮುಗಿಯಬೇಕು. ಲಿಬ್‌ಜೆಪೆಗ್ ಜೊತೆ ಬರುವ ಫೈಲ್ ಓದುವ ಸೋರ್ಸ್ ಮ್ಯಾನೇಜರ್‌ಗೆ ಫೈಲು ನಡುವೆಯೇ ತುಂಡಾಗಿದೆ ಎಂದು ಗೊತ್ತಾದಾಗ ಒಂದು ಎಚ್ಚರಿಕೆ ದಾಖಲಿಸಿ, ಆ ಎರಡು ಬೈಟ್‌ಗಳನ್ನು ತಾನೇ ತಯಾರಿಸಿ ಬಫರಿಗೆ ಹಾಕುತ್ತದೆ. ಡಿಕೋಡರ್ ಚಿತ್ರ ಮುಗಿಯಿತು ಎಂದು ತಿಳಿದು, ಬರದೇ ಇದ್ದ ಭಾಗಕ್ಕೆ ಸೊನ್ನೆ ತುಂಬುತ್ತದೆ, ಅದೇ ಬೂದು. ಇದು ಕರುಣೆಯ ವಿನ್ಯಾಸ. ಮನೆಯವರ ಹಳೆಯ ಫೋಟೊ ಅರ್ಧವಾದರೂ ಕಾಣಲಿ ಎಂಬ ಆಲೋಚನೆ ಅದರಲ್ಲಿದೆ. ಆದರೆ ಆ ಎಚ್ಚರಿಕೆಯನ್ನು ಪ್ರೋಗ್ರಾಮರ್ ಪರಿಶೀಲಿಸದಿದ್ದರೆ ಅರ್ಧ ಚಿತ್ರ ಪೂರ್ಣ ಚಿತ್ರವೆಂದು ದಾಖಲಾಗಿಬಿಡುತ್ತದೆ. ಫೋಟೊ ಆಲ್ಬಮ್ಮಿಗೆ ಇದು ಸರಿ, ವೈದ್ಯಕೀಯ ಚಿತ್ರಕ್ಕೆ ಸರಿಯಲ್ಲ. ಸೋರ್ಸ್ ಮ್ಯಾನೇಜರ್ ನಿಮ್ಮದಾಗಿದ್ದರೆ ಆ ನಿರ್ಧಾರವೂ ನಿಮ್ಮದು. ಕೊನೆಯ ಬೈಟ್‌ಗಳನ್ನು ಸೃಷ್ಟಿಸುವ ಬದಲು ತಪ್ಪೆಂದು ಸಾರಿ ನಿಲ್ಲಿಸಬಹುದು.

ದಾಟಿ ಹೋಗುವ ಫಂಕ್ಷನ್‌ನಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ಮೊಬೈಲ್ ಕ್ಯಾಮೆರಾದ ಫೋಟೊಗಳಲ್ಲಿ ತೆಗೆದ ದಿನ, ಲೆನ್ಸು, ಥಂಬ್‌ನೇಲ್ ಎಂದು ಹತ್ತಾರು ಸಾವಿರ ಬೈಟಿನ ಎಕ್ಸಿಫ್ ಭಾಗ ಇರುತ್ತದೆ. ಡಿಕೋಡರ್‌ಗೆ ಅದು ಬೇಡ, ದಾಟಿಬಿಡು ಎನ್ನುತ್ತದೆ. ಈ ಫಂಕ್ಷನ್‌ಗೆ ಮಾತ್ರ ಸದ್ಯಕ್ಕೆ ಬೈಟ್ ಇಲ್ಲ ಎಂದು ಹೇಳುವ ಹಕ್ಕಿಲ್ಲ. ಕೈಯಲ್ಲಿರುವ ಬಫರಿನಲ್ಲಿ ನಾಲ್ಕು ಸಾವಿರ ಬೈಟ್ ಇದ್ದು ಇಪ್ಪತ್ತು ಸಾವಿರ ದಾಟು ಎಂದರೆ, ಉಳಿದ ಹದಿನಾರು ಸಾವಿರದ ಲೆಕ್ಕವನ್ನು ಬರೆದಿಟ್ಟುಕೊಂಡು ಮುಂದೆ ಬರುವ ಬೈಟ್‌ಗಳಿಂದ ಕಳೆಯಬೇಕು. ಇದನ್ನು ಬಿಟ್ಟರೆ ಎಕ್ಸಿಫ್‌ನ ಬೈಟ್‌ಗಳನ್ನೇ ಚಿತ್ರವೆಂದು ಓದಲು ಹೋಗಿ ಎಲ್ಲವೂ ಗೋಜಲಾಗುತ್ತದೆ.

ಲಿಬ್‌ಪಿಎನ್‌ಜಿ ಬೇರೊಂದು ದಾರಿ ಹಿಡಿದಿದೆ. ಅದರ ರೀಡ್ ಕಾಲ್‌ಬ್ಯಾಕ್ ಏನನ್ನೂ ಮರಳಿಸುವುದಿಲ್ಲ. ಕೇಳಿದಷ್ಟು ಬೈಟನ್ನು ಪೂರ್ತಿ ತುಂಬಬೇಕು, ಇಲ್ಲವಾದರೆ ತಪ್ಪು ಸಾರುವ ಫಂಕ್ಷನ್ ಅನ್ನು ಕರೆಯಬೇಕು. ಆ ಫಂಕ್ಷನ್ ಎಂದೂ ಹಿಂದಿರುಗುವುದಿಲ್ಲ. ಸಿ ಭಾಷೆಯ ಲಾಂಗ್‌ಜಂಪ್ ಎಂಬ ಸೌಲಭ್ಯದಿಂದ ನಡುವಿನ ಎಲ್ಲ ಫಂಕ್ಷನ್‌ಗಳನ್ನೂ ಹಾರಿ, ನೀವು ಮೊದಲೇ ಗುರುತು ಹಾಕಿದ ಜಾಗಕ್ಕೆ ಬಂದು ಬೀಳುತ್ತದೆ. ತುಂಡಾದ ಬೈಟ್ ಸಂಖ್ಯೆಯನ್ನು ಯಾರೋ ಪರಿಶೀಲಿಸಲು ಮರೆಯುವ ಅಪಾಯ ಇಲ್ಲಿಲ್ಲ, ಅದು ಇದರ ಬಲ. ಆದರೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುವವರು ಜಾಗರೂಕರಾಗಿರಬೇಕು. ಹಾರುವ ದಾರಿಯಲ್ಲಿ ಡಿಸ್ಟ್ರಕ್ಟರ್ ಇರುವ ವಸ್ತುಗಳಿದ್ದರೆ ಅವು ಸ್ವಚ್ಛಗೊಳ್ಳುವ ಭರವಸೆಯಿಲ್ಲ. ಭಾಷೆಯ ನಿಯಮವೇ ಇದರ ಪರಿಣಾಮವನ್ನು ಅನಿರ್ದಿಷ್ಟ ಎಂದು ಬಿಟ್ಟಿದೆ. ಆದ್ದರಿಂದ ಕಾಲ್‌ಬ್ಯಾಕ್ ಒಳಗೆ ಸ್ಟ್ರಿಂಗ್, ವೆಕ್ಟರ್ ಇಟ್ಟುಕೊಳ್ಳದೆ ಅದನ್ನು ಆದಷ್ಟು ಬೋಳಾಗಿ ಇಡುವುದು ಕ್ಷೇಮ.

ಜಾಲದಿಂದ ಬರುವ ಚಿತ್ರಕ್ಕೆ ಲಿಬ್‌ಪಿಎನ್‌ಜಿ ಇನ್ನೊಂದು ವ್ಯವಸ್ಥೆ ಮಾಡಿಕೊಟ್ಟಿದೆ, ಅಲ್ಲಿ ಪಾತ್ರಗಳು ಅದಲುಬದಲು. ಬೈಟ್ ಬಂದಾಗಲೆಲ್ಲ ನೀವೇ ಅದನ್ನು ಲೈಬ್ರರಿಗೆ ತಳ್ಳುತ್ತೀರಿ. ಚಿತ್ರದ ಉದ್ದ ಅಗಲ ತಿಳಿದಾಗ ಒಂದು, ಒಂದು ಸಾಲು ಸಿದ್ಧವಾದಾಗ ಇನ್ನೊಂದು, ಎಲ್ಲ ಮುಗಿದಾಗ ಮತ್ತೊಂದು ಕಾಲ್‌ಬ್ಯಾಕ್ ಅನ್ನು ಅದು ಕರೆಯುತ್ತದೆ. ಬ್ರೌಸರಿನ ಜಾವಾಸ್ಕ್ರಿಪ್ಟಿನಲ್ಲಿ ಚಿತ್ರ ಬಂದ ಮೇಲೆ ಓಡುವ ಆನ್‌ಲೋಡ್, ಕ್ಯಾನ್ವಾಸ್ ಚಿತ್ರವನ್ನು ಉಳಿಸಲು ಕೊಡುವ ಟು ಬ್ಲಾಬ್ ಕೂಡ ಈ ಜಾತಿಯವೇ, ಕೆಲಸವಾಯಿತು ಎಂದು ತಿಳಿಸುವ ಕಾಲ್‌ಬ್ಯಾಕ್‌ಗಳು. ಬೈಟ್ ಕೊಡು ಎಂದು ಕೇಳುವ ಕಾಲ್‌ಬ್ಯಾಕ್‌ಗೂ ಮುಗಿಯಿತು ಎಂದು ತಿಳಿಸುವ ಕಾಲ್‌ಬ್ಯಾಕ್‌ಗೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ಬಿಡಿಸಿ ಹೇಳಿದರೆ ವಿದ್ಯಾರ್ಥಿಗಳ ಅರ್ಧ ಗೊಂದಲ ಕಳೆಯುತ್ತದೆ. ಅಂದಹಾಗೆ, ಟು ಬ್ಲಾಬ್ ಚಿತ್ರ ತಯಾರಿಸಲಾಗದಿದ್ದರೆ ನಲ್ ಎಂಬ ಬರಿದಾದ ಉತ್ತರ ಕೊಡುತ್ತದೆ. ಅದನ್ನು ಪರಿಶೀಲಿಸದ ಕೋಡ್ ಧಾರಾಳವಾಗಿ ಸಿಗುತ್ತದೆ.

ಇದುವರೆಗೆ ಹೇಳಿದ್ದು ಹೆಚ್ಚಾಗಿ ಓದುವ ಬಗ್ಗೆ. ನನ್ನ ನಿಜವಾದ ಕಾಳಜಿ ಉಳಿಸುವುದರ ಬಗ್ಗೆ. ಓದುವಾಗ ತಪ್ಪಾದರೆ ಚಿತ್ರ ಕಾಣುವುದಿಲ್ಲ, ತಕ್ಷಣ ಗೊತ್ತಾಗುತ್ತದೆ, ಮೂಲ ಹಾಗೆಯೇ ಉಳಿದಿರುತ್ತದೆ. ಉಳಿಸುವಾಗ ತಪ್ಪಾದರೆ ಅದು ಗೊತ್ತಾಗುವುದು ತಿಂಗಳುಗಳ ನಂತರ, ಮೂಲವನ್ನು ಅಳಿಸಿದ ಮೇಲೆ.

ಎಸ್‌ಟಿಬಿಯ ಜೋಡಿ ಲೈಬ್ರರಿ ಎಸ್‌ಟಿಬಿ ಇಮೇಜ್ ರೈಟ್ ಚಿತ್ರವನ್ನು ಫೈಲಿಗೆ ಬರೆಯುವುದಲ್ಲದೆ ನೀವು ಕೊಟ್ಟ ಫಂಕ್ಷನ್‌ಗೂ ಒಪ್ಪಿಸುತ್ತದೆ. ಫಂಕ್ಷನ್‌ಗೆ ನಿಮ್ಮ ಪಾಯಿಂಟರ್, ಬೈಟ್‌ಗಳು ಮತ್ತು ಅವುಗಳ ಎಣಿಕೆ ಬರುತ್ತವೆ. ಪಿಎನ್‌ಜಿ ಉಳಿಸುವಾಗ ಅದು ಇಡೀ ಚಿತ್ರವನ್ನು ನೆನಪಿನಲ್ಲೇ ಕಟ್ಟಿ ನಿಮ್ಮ ಫಂಕ್ಷನ್ ಅನ್ನು ಒಂದೇ ಸಲ ಕರೆಯುತ್ತದೆ. ಜೆಪೆಗ್ ಉಳಿಸುವಾಗ ಚಿತ್ರದ ಬಹುಭಾಗವನ್ನು ಒಂದೊಂದೇ ಬೈಟಾಗಿ ಕೊಡುತ್ತದೆ. ಐದು ಲಕ್ಷ ಬೈಟಿನ ಚಿತ್ರವಾದರೆ ಹತ್ತಿರ ಹತ್ತಿರ ಐದು ಲಕ್ಷ ಕರೆ. ಪಿಎನ್‌ಜಿಯಲ್ಲಿ ಪರೀಕ್ಷಿಸಿ, ಒಂದು ಕರೆ ಎಂದರೆ ಒಂದು ಚಿತ್ರ ಎಂದು ನಂಬಿಕೊಂಡವರ ಕೋಡ್ ಜೆಪೆಗ್‌ಗೆ ಬದಲಾಯಿಸಿದ ದಿನ ಕೊನೆಯ ಒಂದು ಬೈಟನ್ನಷ್ಟೇ ಉಳಿಸುತ್ತದೆ. ಪ್ರತಿ ಕರೆಗೂ ಡಿಸ್ಕಿಗೋ ಜಾಲಕ್ಕೋ ನೇರವಾಗಿ ಬರೆಯುವವರ ಕೋಡ್ ಆಮೆಯಂತೆ ತೆವಳುತ್ತದೆ. ಎರಡಕ್ಕೂ ಮದ್ದು ಒಂದೇ: ನಿಮ್ಮ ಪಾಯಿಂಟರ್ ಹಿಂದೆ ಬೆಳೆಯುವ ಒಂದು ಬಫರ್ ಇಡಿ, ಬಂದದ್ದನ್ನು ಅದರ ತುದಿಗೆ ಸೇರಿಸುತ್ತ ಹೋಗಿ, ಲೈಬ್ರರಿ ಹಿಂದಿರುಗಿದ ಮೇಲೆ ಒಟ್ಟಿಗೆ ಬರೆಯಿರಿ.

ಅದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಈ ಬರೆಯುವ ಕಾಲ್‌ಬ್ಯಾಕ್ ಏನನ್ನೂ ಮರಳಿಸುವುದಿಲ್ಲ, ಲಿಬ್‌ಪಿಎನ್‌ಜಿಯಂತೆ ತಪ್ಪು ಸಾರುವ ಫಂಕ್ಷನ್ ಕೂಡ ಇಲ್ಲ. ಡಿಸ್ಕ್ ತುಂಬಿದೆ ಎಂದು ನಿಮ್ಮ ಫಂಕ್ಷನ್‌ಗೆ ಗೊತ್ತಾದರೂ ಅದನ್ನು ಲೈಬ್ರರಿಗೆ ತಿಳಿಸುವ ದಾರಿಯಿಲ್ಲ. ಲೈಬ್ರರಿ ಕೊನೆಯವರೆಗೂ ಬೈಟ್ ಕೊಡುತ್ತಲೇ ಹೋಗಿ, ಕೊನೆಗೆ ಯಶಸ್ವಿ ಎಂದು ಹೇಳುತ್ತದೆ. ಬ್ಯಾರೆಟ್ ಅವರ ಕೆಲಸದ ಮೇಲೆ ನನಗಿರುವ ಗೌರವ ದೊಡ್ಡದು. ಆದರೂ ಇದು ವಿನ್ಯಾಸದ ತಪ್ಪು ಎಂದೇ ಹೇಳಬೇಕು. ಬಳಸುವವರು ತಮ್ಮ ಪಾಯಿಂಟರಿನ ಹಿಂದೆ ತಪ್ಪಾಗಿದೆ ಎಂಬ ಒಂದು ಗುರುತನ್ನು ಇಟ್ಟುಕೊಂಡು, ಲೈಬ್ರರಿ ಹಿಂದಿರುಗಿದ ಮೇಲೆ ಅದನ್ನು ತಾವೇ ನೋಡಬೇಕು. ಲೈಬ್ರರಿಯ ಉತ್ತರವೊಂದನ್ನೇ ನಂಬುವಂತಿಲ್ಲ.

ಲಿಬ್‌ಜೆಪೆಗ್‌ನ ಬರೆಯುವ ಕಡೆ ಮೂರು ಫಂಕ್ಷನ್. ಬಫರ್ ತುಂಬಿದಾಗ ಅದನ್ನು ಖಾಲಿ ಮಾಡುವುದು ಒಂದು, ಕೊನೆಯಲ್ಲಿ ಅರ್ಧ ತುಂಬಿದ ಬಫರನ್ನು ಬರೆದು ಮುಗಿಸುವುದು ಇನ್ನೊಂದು, ಆರಂಭದ್ದು ಮೂರನೆಯದು. ಖಾಲಿ ಮಾಡುವ ಫಂಕ್ಷನ್‌ಗೆ ಸಂಬಂಧಿಸಿದ ಒಂದು ನಿಯಮ ಎಷ್ಟೋ ಜನರನ್ನು ಕಾಡಿದೆ. ಬಫರಿನಲ್ಲಿ ಇನ್ನೆಷ್ಟು ಜಾಗ ಉಳಿದಿದೆ ಎಂದು ತೋರಿಸುವ ಲೆಕ್ಕ ಆ ಕ್ಷಣದಲ್ಲಿ ನಂಬಲರ್ಹವಲ್ಲ. ಅದನ್ನು ಕಡೆಗಣಿಸಿ ಇಡೀ ಬಫರನ್ನೇ ಬರೆಯಬೇಕು ಎಂದು ದಾಖಲೆ ಸ್ಪಷ್ಟವಾಗಿ ಹೇಳುತ್ತದೆ. ಜಾಣತನ ಮಾಡಿ ಆ ಲೆಕ್ಕದಂತೆ ಕಡಿಮೆ ಬೈಟ್ ಬರೆದರೆ ಚಿತ್ರದ ನಡುನಡುವೆ ತೂತು ಬೀಳುತ್ತದೆ. ಮುಗಿಸುವ ಫಂಕ್ಷನ್ ಅನ್ನು ಖಾಲಿ ಬಿಟ್ಟರೆ ಚಿತ್ರದ ತಳದ ಭಾಗ ಕಳೆದುಹೋಗುತ್ತದೆ. ಮೊದಲೇ ಹೇಳಿದ ಬೂದು ಬಣ್ಣ ಮತ್ತೆ ಕಾಣಿಸಿಕೊಳ್ಳುತ್ತದೆ, ಈ ಸಲ ಶಾಶ್ವತವಾಗಿ.

ಬರೆಯಲು ಎಷ್ಟು ಕಾಲ್‌ಬ್ಯಾಕ್ ಬೇಕು ಎಂಬುದು ಲೈಬ್ರರಿ ಬರೆದವರ ಇಷ್ಟವಷ್ಟೇ ಅಲ್ಲ, ಚಿತ್ರದ ಮಾದರಿಯ ಗುಣವೂ ಹೌದು. ಪಿಎನ್‌ಜಿ 1995ರಲ್ಲಿ ರೂಪುಗೊಂಡಾಗಲೇ ಹರಿವಿನಲ್ಲಿ ಬರೆಯಲು ಓದಲು ಅನುಕೂಲವಾಗುವಂತೆ ಅದನ್ನು ಕಟ್ಟಿದರು. ಅದು ತುಂಡು ತುಂಡಾಗಿದೆ. ಪ್ರತಿ ತುಂಡಿನ ಮುಂದೆ ಉದ್ದ, ಕೊನೆಯಲ್ಲಿ ನಾಲ್ಕು ಬೈಟಿನ ತಾಳೆ ಸಂಖ್ಯೆ. ಬರೆದದ್ದಕ್ಕೆ ಮತ್ತೆ ಹಿಂದಿರುಗಿ ತಿದ್ದುವ ಪ್ರಸಂಗ ಬರುವುದಿಲ್ಲ. ಹಾಗಾಗಿ ಲಿಬ್‌ಪಿಎನ್‌ಜಿಗೆ ಬರೆ ಎಂಬ ಒಂದು, ಉಳಿದದ್ದನ್ನು ತಳ್ಳು ಎಂಬ ಇನ್ನೊಂದು ಫಂಕ್ಷನ್ ಸಾಕು. ಟಿಫ್ ಮಾದರಿ ಹಾಗಲ್ಲ. ಅದರ ಮೊದಲ ಎಂಟು ಬೈಟ್‌ಗಳಲ್ಲೇ ವಿವರಪಟ್ಟಿ ಫೈಲಿನ ಎಷ್ಟನೇ ಬೈಟಿನಲ್ಲಿದೆ ಎಂಬ ಸಂಖ್ಯೆ ಇರಬೇಕು. ಆ ಪಟ್ಟಿಯನ್ನು ಸಾಮಾನ್ಯವಾಗಿ ಚಿತ್ರದ ನಂತರ ಬರೆಯುವುದರಿಂದ, ಎಲ್ಲ ಮುಗಿದ ಮೇಲೆ ತಲೆಗೆ ಬಂದು ಆ ಸಂಖ್ಯೆಯನ್ನು ತುಂಬಬೇಕು. ಅದಕ್ಕೇ ಲಿಬ್‌ಟಿಫ್ ನಿಮ್ಮಿಂದ ಓದುವ, ಬರೆಯುವ, ಜಾಗ ಬದಲಿಸುವ, ಮುಚ್ಚುವ, ಗಾತ್ರ ಹೇಳುವ ಫಂಕ್ಷನ್‌ಗಳ ಜೊತೆಗೆ ನೆನಪಿಗೆ ನಕ್ಷೆ ಮಾಡುವ, ಬಿಡಿಸುವ ಎರಡನ್ನು ಸೇರಿಸಿ ಒಟ್ಟು ಏಳನ್ನು ಕೇಳುತ್ತದೆ. ಹಿಂದಿರುಗಲು ಬಾರದ ಸಾಕೆಟ್‌ಗೆ ಟಿಫ್ ಅನ್ನು ನೇರವಾಗಿ ಬರೆಯಲು ಹೊರಟವರು ಮೊದಲು ಇದನ್ನು ತಿಳಿದಿರಬೇಕು.

ಬೈಟ್ ತರುವ ಕೆಲಸದಿಂದ ಒಂದು ಮೆಟ್ಟಿಲು ಮೇಲಿನ ಕಾಲ್‌ಬ್ಯಾಕ್‌ಗಳೂ ಇವೆ. ಸ್ಯೋಯೋ ಫುಜಿತ ಅವರ ಟೈನಿ ಜಿಎಲ್‌ಟಿಎಫ್ ಲೈಬ್ರರಿ ಮಾಮೂಲಿಯಾಗಿ ಚಿತ್ರಗಳಿಗೆ ಎಸ್‌ಟಿಬಿಯನ್ನೇ ಬಳಸುತ್ತದೆ. ಆದರೆ ಇಮೇಜ್ ಲೋಡರ್, ಇಮೇಜ್ ರೈಟರ್ ಎಂಬ ಎರಡು ಕಾಲ್‌ಬ್ಯಾಕ್‌ಗಳಿಂದ ಆ ಇಡೀ ಕೆಲಸವನ್ನು ನಿಮ್ಮ ಕೈಗೆ ಪಡೆಯಬಹುದು. ಜಿಎಲ್‌ಟಿಎಫ್‌ನ ಮೂಲ ನಿಯಮದಲ್ಲಿ ಪಿಎನ್‌ಜಿ ಮತ್ತು ಜೆಪೆಗ್‌ಗೆ ಮಾತ್ರ ಜಾಗ. ವೆಬ್‌ಪಿ ಮೊದಲಾದವು ವಿಸ್ತರಣೆಯಾಗಿ ಬಂದವು. ಲೈಬ್ರರಿ ಬದಲಾಗುವುದನ್ನು ಕಾಯದೆ ಹೊಸ ಮಾದರಿಯನ್ನು ಸೇರಿಸಲು ಈ ಕಾಲ್‌ಬ್ಯಾಕ್ ಸಾಕು. ಫೈಲ್ ಓದುವುದಕ್ಕೂ ಅದರಲ್ಲಿ ಬೇರೆ ಕಾಲ್‌ಬ್ಯಾಕ್‌ಗಳಿವೆ. ಅಪರಿಚಿತರು ಕಳಿಸಿದ ಜಿಎಲ್‌ಟಿಎಫ್ ಫೈಲಿನೊಳಗೆ ಚಿತ್ರದ ಹೆಸರೆಂದು ಎರಡು ಚುಕ್ಕಿಗಳ ಮೂಲಕ ಮೇಲಿನ ಫೋಲ್ಡರಿಗೆ ಹತ್ತಿ, ನಿಮ್ಮ ಕಂಪ್ಯೂಟರಿನ ಬೇರೆಲ್ಲೋ ಇರುವ ಫೈಲಿನ ದಾರಿ ಬರೆದಿರಬಹುದು. ಆ ದಾರಿಯನ್ನು ಪರಿಶೀಲಿಸಿ ತಡೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಡಿಕೋಡರ್ ಬದಲಿಸುವ ಸ್ವಾತಂತ್ರ್ಯ ಬರೀ ಅನುಕೂಲದ ಮಾತಲ್ಲ ಎಂಬುದು 2023ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ತಿಳಿಯಿತು. ಆ್ಯಪಲ್‌ನ ಭದ್ರತಾ ತಂಡ ಮತ್ತು ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ವೆಬ್‌ಪಿ ಚಿತ್ರ ಬಿಡಿಸುವ ಲೈಬ್ರರಿಯಲ್ಲಿ ಗಂಭೀರ ದೋಷವೊಂದನ್ನು ವರದಿ ಮಾಡಿದವು. ಕಿಡಿಗೇಡಿಗಳು ಅದನ್ನು ಆಗಲೇ ಬಳಸುತ್ತಿದ್ದರು. ಕ್ರೋಮ್, ಫೈರ್‌ಫಾಕ್ಸ್ ಸೇರಿ ಆ ಲೈಬ್ರರಿಯನ್ನು ಒಳಗಿಟ್ಟುಕೊಂಡಿದ್ದ ನೂರಾರು ತಂತ್ರಾಂಶಗಳು ತುರ್ತಾಗಿ ತಿದ್ದುಪಡಿ ಹೊರಡಿಸಬೇಕಾಯಿತು. ಡಿಕೋಡರ್ ಅನ್ನು ಹೊರಗಿನಿಂದ ಕೊಡಲು ಬರುವಂತೆ ಕಟ್ಟಿದ ತಂತ್ರಾಂಶದಲ್ಲಿ ಇಂಥ ಬದಲಾವಣೆ ಒಂದೇ ಜಾಗದಲ್ಲಿ ಮುಗಿಯುತ್ತದೆ. ಹತ್ತು ಕಡೆ ಹತ್ತು ಪ್ರತಿ ಅಂಟಿಸಿಕೊಂಡಿರುವಲ್ಲಿ ಯಾವುದು ಉಳಿಯಿತು ಎಂದು ಹುಡುಕುವುದೇ ಕೆಲಸ.

ಪೈಥಾನ್ ಬಳಸುವವರಿಗೆ ಇದೆಲ್ಲ ದೂರದ ಮಾತು ಎನಿಸಬಹುದು. ಅಲ್ಲೂ ಇರುವುದು ಇದೇ ಕರಾರು. ಪಿಲ್ಲೊ ಲೈಬ್ರರಿಗೆ ಫೈಲಿನ ಹೆಸರಿನ ಬದಲು ಓದು, ಜಾಗ ಬದಲಿಸು, ಎಲ್ಲಿದ್ದೀ ಹೇಳು ಎಂಬ ಮೂರು ಮೆಥಡ್ ಇರುವ ಯಾವ ವಸ್ತುವನ್ನಾದರೂ ಕೊಡಬಹುದು. ನೆನಪಿನಲ್ಲೇ ಉಳಿಸಲು ಬೈಟ್ಸ್ ಐಒ ಕೊಟ್ಟರೆ ಸಾಕು, ಹೆಸರಿಲ್ಲದ ಕಾರಣ ಪಿಎನ್‌ಜಿಯೋ ಜೆಪೆಗ್‌ಗೋ ಎಂದು ಮಾತ್ರ ನೀವೇ ಹೇಳಬೇಕು. ಒಂದು ಎಚ್ಚರಿಕೆ: ಪಿಲ್ಲೊ ಚಿತ್ರ ತೆರೆದ ಕೂಡಲೇ ಪೂರ್ತಿ ಓದುವುದಿಲ್ಲ. ತಲೆಬರಹ ಓದಿ ನಿಲ್ಲುತ್ತದೆ. ಬಣ್ಣಗಳು ಬೇಕಾದಾಗ ಮತ್ತೆ ನಿಮ್ಮ ವಸ್ತುವಿನ ಬಳಿ ಬರುತ್ತದೆ. ಅಷ್ಟರಲ್ಲಿ ನೀವು ಅದನ್ನು ಮುಚ್ಚಿದ್ದರೆ ಅಲ್ಲಿ ತಪ್ಪು ಏಳುತ್ತದೆ. ಸಿ ಭಾಷೆಯಲ್ಲಿ ಇದೇ ತಪ್ಪು ಇನ್ನೂ ಕ್ರೂರ: ಯೂಸರ್ ಪಾಯಿಂಟರ್ ತೋರಿಸುವ ವಸ್ತು ಲೈಬ್ರರಿಯ ಕೆಲಸ ಮುಗಿಯುವ ಮೊದಲೇ ಅಳಿದುಹೋದರೆ ಯಾವ ಎಚ್ಚರಿಕೆಯೂ ಇಲ್ಲದೆ ಕಸವನ್ನು ಓದುತ್ತದೆ.

ಪ್ರೋಗ್ರಾಮಿಂಗ್ ಕಲಿಸುವವರಲ್ಲಿ ಮತ್ತು ಕಲಿಯುವವರಲ್ಲಿ ನನ್ನ ಕೋರಿಕೆ ಇದು. ಕಾಲ್‌ಬ್ಯಾಕ್ ಬರೆದ ಮೇಲೆ ಸರಿಯಾದ ಚಿತ್ರವೊಂದನ್ನು ತೆರೆದು ನೋಡಿ ತೃಪ್ತಿಪಡಬೇಡಿ. ಸಣ್ಣ ಪಿಎನ್‌ಜಿ ಒಂದನ್ನು ತೆಗೆದುಕೊಂಡು ಮೊದಲ ಬೈಟಿಗೆ ಕತ್ತರಿಸಿ, ಎರಡನೆಯದ್ದಕ್ಕೆ ಕತ್ತರಿಸಿ, ಹೀಗೆ ಕೊನೆಯವರೆಗೂ ಪ್ರತಿ ತುಂಡನ್ನೂ ಓದಿಸಿ. ಒಂದರಲ್ಲೂ ಪ್ರೋಗ್ರಾಮ್ ಬೀಳಬಾರದು. ಕೇಳಿದಷ್ಟಕ್ಕಿಂತ ಕಡಿಮೆ ಕೊಡುವ ರೀಡ್ ಫಂಕ್ಷನ್ ಒಂದನ್ನು ಬೇಕೆಂದೇ ಬರೆದು ಪರೀಕ್ಷಿಸಿ. ಬರೆಯುವ ಕಡೆಗೆ ಲಿನಕ್ಸ್‌ನಲ್ಲಿ ಡೆವ್ ಫೋಲ್ಡರಿನ ಒಳಗೆ ಫುಲ್ ಎಂಬ ವಿಶೇಷ ಫೈಲಿದೆ. ಅದಕ್ಕೆ ಏನು ಬರೆದರೂ ಡಿಸ್ಕ್ ತುಂಬಿದೆ ಎಂಬ ಉತ್ತರ ಬರುತ್ತದೆ. ನಿಮ್ಮ ಚಿತ್ರವನ್ನು ಅದಕ್ಕೆ ಉಳಿಸಿ ನೋಡಿ. ಚಿತ್ರ ಚಿಕ್ಕದಾಗಿದ್ದರೆ ಬರೆಯುವ ಫಂಕ್ಷನ್ ಯಶಸ್ವಿ ಎಂದೇ ಹೇಳುತ್ತದೆ, ಏಕೆಂದರೆ ಬೈಟ್‌ಗಳು ಇನ್ನೂ ಸಿ ಲೈಬ್ರರಿಯ ಬಫರಿನಲ್ಲೇ ಇರುತ್ತವೆ; ತಪ್ಪು ಹೊರಬೀಳುವುದು ಫೈಲ್ ಮುಚ್ಚುವ ಕರೆಯಲ್ಲಿ. ಆ ಕರೆಯ ಉತ್ತರವನ್ನೂ ಪರಿಶೀಲಿಸಿ, ಆಮೇಲೆ ಮಾತ್ರ ಚಿತ್ರ ಉಳಿಯಿತು ಎಂದು ಬಳಕೆದಾರರಿಗೆ ತಿಳಿಸಿ.